ಅಂಕಿ ಆ್ಯಪ್: ಪ್ಯಾಥೊಫಿಸಿಯಾಲಜಿ, ಫಾರ್ಮಕಾಲಜಿ ಓದಲು ಒಂದು ವರ್ಷ ಬಳಸಿದ ಮೇಲೆ

ಈ ಆ್ಯಪಿನ ಹೆಸರು ಮೊದಲ ಸಲ ಕೇಳಿದಾಗ ಯಾವುದೋ ಲೆಕ್ಕದ ಆ್ಯಪ್ ಇರಬೇಕು ಅಂದುಕೊಂಡೆ. ಅಂಕಿ ಅಂದರೆ ನಮಗೆ ಒಂದು, ಎರಡು, ಮೂರು ತಾನೆ? ಜಪಾನಿ ಭಾಷೆಯಲ್ಲಿ ಅಂಕಿ ಅಂದರೆ ಬಾಯಿಪಾಠ ಮಾಡುವುದು ಅಂತ ಅರ್ಥವಂತೆ. ಡೇಮಿಯನ್ ಎಲ್ಮ್ಸ್ ಎನ್ನುವವರು 2006ರಲ್ಲಿ ಹೊರತಂದ ಸಾಫ್ಟ್‌ವೇರ್ ಇದು. ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಇರುವ ಕಾರ್ಡ್‌ಗಳನ್ನು ನಾವು ಬರೆದು ಹಾಕಬೇಕು. ಯಾವ ಕಾರ್ಡನ್ನು ಯಾವತ್ತು ತೋರಿಸಬೇಕು ಅನ್ನುವುದನ್ನು ಅದು ನೋಡಿಕೊಳ್ಳುತ್ತದೆ. ಅಷ್ಟೇ ಇದರ ಕೆಲಸ. ಆ ಅಷ್ಟೇ ಕೆಲಸ ನನ್ನ ಮೊದಲ ವರ್ಷವನ್ನು ದಾಟಿಸಿತು.

ನಾನು ಹಾವೇರಿ ಕಡೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಬಿಎಸ್ಸಿ ನರ್ಸಿಂಗ್ ಮುಗಿಸಿ ಮೂರು ವರ್ಷ ನಮ್ಮ ಕಡೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಮಾಡಿದೆ. ಈಗ ಬೆಂಗಳೂರಿನಲ್ಲಿ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಓದುತ್ತಿದ್ದೇನೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ರೂಪಿಸಿದ 2 ವರ್ಷದ ರೆಸಿಡೆನ್ಸಿ ಕೋರ್ಸ್ ಇದು. ಕ್ಲಾಸಿಗಿಂತ ಜಾಸ್ತಿ ಹೊತ್ತು ರೋಗಿಯ ಪಕ್ಕದಲ್ಲೇ ಇರುತ್ತೇವೆ. ಮೊದಲ ವರ್ಷದಲ್ಲೇ ಅಡ್ವಾನ್ಸ್ಡ್ ಪ್ಯಾಥೊಫಿಸಿಯಾಲಜಿ (ರೋಗ ಬಂದಾಗ ಮೈಯೊಳಗೆ ಏನು ಕೆಡುತ್ತದೆ ಅನ್ನುವ ಪಾಠ), ಅಡ್ವಾನ್ಸ್ಡ್ ಫಾರ್ಮಕಾಲಜಿ (ಔಷಧ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪಾಠ) ಎರಡೂ ಬರುತ್ತವೆ. ಡ್ಯೂಟಿ ಮುಗಿಸಿ ಬಂದು, ಊಟ ಮಾಡಿ, ಕಣ್ಣು ಎಳೆಯುತ್ತಿರುವಾಗ ಈ ಎರಡನ್ನು ಓದಬೇಕು.

ಬಿಎಸ್ಸಿಯಲ್ಲೂ ಫಾರ್ಮಕಾಲಜಿ ಇತ್ತು, ಅಲ್ವಾ? ಇತ್ತು. ಆದರೆ ಅಲ್ಲಿ ಔಷಧದ ಹೆಸರು, ಡೋಸ್, ಸೈಡ್ ಎಫೆಕ್ಟ್, ನರ್ಸ್ ಏನು ನೋಡಬೇಕು ಅಂತ ನಾಲ್ಕು ಕಾಲಂ ಹಾಕಿ ಬರೆದರೆ ಮಾರ್ಕ್ಸ್ ಬರುತ್ತಿತ್ತು. ಇಲ್ಲಿ ಬೆಳಗಿನ ರೌಂಡ್ಸ್‌ನಲ್ಲಿ ಬೆಡ್ ಪಕ್ಕ ನಿಲ್ಲಿಸಿ "ಯಾಕೆ?" ಅಂತ ಕೇಳುತ್ತಾರೆ. ಬಿಪಿ ಏರಿಸಲು ಈ ರೋಗಿಗೆ ನಾರ್‌ಅಡ್ರಿನಲಿನ್ ಯಾಕೆ, ಡೊಪಮಿನ್ ಯಾಕೆ ಬೇಡ? ಶುಗರ್ 480 ಇದ್ದರೂ ಪೊಟ್ಯಾಸಿಯಂ ರಿಪೋರ್ಟ್ ಬರುವವರೆಗೆ ಇನ್ಸುಲಿನ್ ಯಾಕೆ ತಡೆದರು? ಕಾಲಂ ಹಾಕಿ ಕಲಿತದ್ದು ಇಲ್ಲಿ ಬಾಯಿಗೆ ಬರುವುದಿಲ್ಲ.

ಮೊದಲು ಪೇಪರ್ ಕಾರ್ಡ್‌ನಲ್ಲೇ ಶುರು ಮಾಡಿದ್ದೆ. ಅವೆನ್ಯೂ ರೋಡಿಗೆ ಹೋಗಿ ದಪ್ಪ ಶೀಟ್ ತಂದು, ಹಾಸ್ಟೆಲ್‌ನಲ್ಲಿ ಕತ್ತರಿಸಿ, ಚಪ್ಪಲಿ ಡಬ್ಬದಲ್ಲಿ ಮೂರು ಖಾನೆ ಮಾಡಿಕೊಂಡಿದ್ದೆ. ದಿನಾ ನೋಡುವುದು, ವಾರಕ್ಕೊಮ್ಮೆ ನೋಡುವುದು, ತಿಂಗಳಿಗೊಮ್ಮೆ ನೋಡುವುದು. ಲೈಟ್ನರ್ ಎನ್ನುವವರು 1970ರ ದಶಕದಲ್ಲಿ ಜರ್ಮನಿಯಲ್ಲಿ ಜನಪ್ರಿಯ ಮಾಡಿದ ಪದ್ಧತಿ ಅದು. ಒಳ್ಳೆಯ ಪದ್ಧತಿಯೇ. ಆದರೆ 300 ಕಾರ್ಡ್ ದಾಟಿದ ಮೇಲೆ ಯಾವುದು ಯಾವ ಖಾನೆಗೆ ಅಂತ ಜೋಡಿಸುವುದೇ ಅರ್ಧ ಗಂಟೆ ತಿನ್ನುತ್ತಿತ್ತು. ಡಬ್ಬ ಹಿಡಿದುಕೊಂಡು ಬಿಎಂಟಿಸಿ ಬಸ್ ಹತ್ತುವುದಕ್ಕೂ ಆಗುವುದಿಲ್ಲ. ನಮ್ಮ ಒಬ್ಬ ಸೀನಿಯರ್ ಅಕ್ಕ ನೋಡಿ, "ಇದನ್ನೇ ಫೋನ್ ಮಾಡುತ್ತೆ ಕಣೇ, ಸುಮ್ನೆ ಯಾಕೆ ಕತ್ತರಿಸ್ತಾ ಕೂತಿದ್ದೀಯಾ" ಅಂದರು.

ಆಂಡ್ರಾಯ್ಡ್ ಫೋನಿಗೆ ಅಂಕಿಡ್ರಾಯ್ಡ್ ಅಂತ ಇದೆ. ಪೂರ್ತಿ ಉಚಿತ. ಜಾಹೀರಾತು ಇಲ್ಲ. ಲ್ಯಾಪ್‌ಟಾಪಿನ ಅಂಕಿ ಕೂಡ ಉಚಿತ. ಎರಡನ್ನೂ ಜೋಡಿಸಲು ಅಂಕಿವೆಬ್ ಅಕೌಂಟ್ ಬೇಕು, ಅದಕ್ಕೂ ದುಡ್ಡಿಲ್ಲ. ಐಫೋನಿನ ಆ್ಯಪಿಗೆ ಮಾತ್ರ ಒಂದು ಸಲ ದುಡ್ಡು ಕೊಡಬೇಕು, ಸ್ಟೈಪೆಂಡ್ ಮೇಲೆ ಬದುಕುವವರಿಗೆ ಅದು ಸಣ್ಣ ಮೊತ್ತ ಅಲ್ಲ. ಐಫೋನ್ ಇದ್ದು ದುಡ್ಡು ಬೇಡ ಅನ್ನುವವರು ಬ್ರೌಸರ್‌ನಲ್ಲಿ ಅಂಕಿವೆಬ್ ತೆರೆದು ಕಾರ್ಡ್ ನೋಡಬಹುದು. ಹತ್ತಿರ ಹತ್ತಿರ ಇದೇ ಹೆಸರು ಇಟ್ಟುಕೊಂಡ ಬೇರೆ ಆ್ಯಪ್‌ಗಳೂ ಸ್ಟೋರ್‌ನಲ್ಲಿವೆ. ಹಾಕಿಕೊಳ್ಳುವ ಮುಂಚೆ ಹೆಸರು ಸರಿಯಾಗಿ ನೋಡಿ.

ತೆರೆದ ಕೂಡಲೇ ಕಣ್ಣಿಗೆ ಚಂದ ಅನ್ನಿಸುವ ಆ್ಯಪ್ ಅಲ್ಲ ಇದು. ಬಿಳಿ ಪರದೆ, ಕಾರ್ಡ್‌ಗಳ ಪಟ್ಟಿ, ಎದುರಿಗೆ ಮೂರು ಬಣ್ಣದ ಮೂರು ಸಂಖ್ಯೆ. ಪ್ರಶ್ನೆ ಬರುತ್ತದೆ. ಮನಸ್ಸಿನಲ್ಲಿ ಉತ್ತರ ಹೇಳಿಕೊಂಡು ಪರದೆ ಒತ್ತಿದರೆ ಉತ್ತರ ಕಾಣುತ್ತದೆ. ಕೆಳಗೆ ನಾಲ್ಕು ಬಟನ್: ಅಗೇನ್, ಹಾರ್ಡ್, ಗುಡ್, ಈಸಿ. ಮರೆತಿದ್ದರೆ ಅಗೇನ್ ಒತ್ತಬೇಕು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ನೆನಪಿದ್ದರೆ ಗುಡ್. ಆಗ ಕೆಲವು ದಿನ ಬಿಟ್ಟು ಬರುತ್ತದೆ, ಆಮೇಲೆ ಕೆಲವು ವಾರ, ಆಮೇಲೆ ತಿಂಗಳು. ಇನ್ನೇನು ಮರೆಯುತ್ತೇವೆ ಅನ್ನುವ ಹೊತ್ತಿಗೆ ಸರಿಯಾಗಿ ಎದುರಿಗೆ ನಿಲ್ಲುತ್ತದೆ. ಇಲ್ಲಿ ನಮಗೆ ನಾವೇ ಸುಳ್ಳು ಹೇಳಿಕೊಳ್ಳಬಾರದು. ಅರ್ಧ ನೆನಪಾಗಿದ್ದಕ್ಕೆ ಗುಡ್ ಒತ್ತಿದರೆ ನಷ್ಟ ನಮಗೇ.

ಮೊದಲ ಎರಡು ತಿಂಗಳು ಪ್ರಯೋಜನ ಆಗಲಿಲ್ಲ. ಕಾರಣ ಆ್ಯಪ್ ಅಲ್ಲ, ನಾನು ಬೇರೆಯವರು ಮಾಡಿಟ್ಟ ಡೆಕ್, ಅಂದರೆ ಕಾರ್ಡ್‌ಗಳ ಕಟ್ಟು, ಇಳಿಸಿಕೊಂಡಿದ್ದೆ. ಸಾವಿರಾರು ಕಾರ್ಡ್ ಒಂದೇ ಸಲ ಸಿಗುತ್ತದಲ್ಲ ಅನ್ನುವ ಆಸೆ. ಅದು ಅಮೆರಿಕದ ಪರೀಕ್ಷೆಗೆ ಮಾಡಿದ್ದು. ನಾವು ಪ್ಯಾರಸಿಟಮಾಲ್ ಅಂದರೆ ಅಲ್ಲಿ ಅಸೆಟಮಿನೊಫೆನ್. ನಾವು ಸಾಲ್ಬುಟಮಾಲ್ ಅಂದರೆ ಅಲ್ಲಿ ಆಲ್ಬ್ಯುಟೆರಾಲ್. ನಮ್ಮ ಪೆಥಿಡಿನ್ ಅಲ್ಲಿ ಮೆಪೆರಿಡಿನ್. ನಮ್ಮ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್, ನಾರ್‌ಎಪಿನೆಫ್ರಿನ್. ಎರಡೂ ಹೆಸರು ಗೊತ್ತಿರಬೇಕು, ಒಪ್ಪುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ ಕ್ರ್ಯಾಶ್ ಕಾರ್ಟ್ (ತುರ್ತು ಔಷಧಗಳ ಗಾಡಿ) ಎಳೆದಾಗ ಆಂಪೂಲ್ (ಔಷಧದ ಸಣ್ಣ ಗಾಜಿನ ಸೀಸೆ) ಮೇಲೆ ಇರುವ ಹೆಸರೇ ಮೊದಲು ತಲೆಗೆ ಬರಬೇಕು.

ಅದಕ್ಕಿಂತ ದೊಡ್ಡ ತೊಂದರೆ ಹಳೆಯ ಮಾಹಿತಿ. ಅದರಲ್ಲಿ ಒಂದು ಕಾರ್ಡ್ ಇತ್ತು, ಕಿಡ್ನಿ ಕಾಪಾಡಲು ಕಡಿಮೆ ಡೋಸ್ ಡೊಪಮಿನ್ ಕೊಡಬೇಕು ಅಂತ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಐಸಿಯುಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೇ ಆ ಡೋಸಿನಿಂದ ಕಿಡ್ನಿಗೆ ಲಾಭವಿಲ್ಲ ಅಂತ ತೋರಿಸಿದೆ. ನಾನು ಅದನ್ನು ಮೂರು ವಾರ ಗುಡ್, ಗುಡ್ ಅಂತ ಒತ್ತಿ ಗಟ್ಟಿ ಮಾಡಿಕೊಂಡಿದ್ದೆ. ರೌಂಡ್ಸ್‌ನಲ್ಲಿ ಅದೇ ಉತ್ತರ ಹೇಳಿದೆ. ನಮ್ಮ ಸರ್ ಬೈಯಲಿಲ್ಲ. "ಎಲ್ಲಿ ಓದಿದಿರಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾರು ಬರೆದರೋ, ಯಾವಾಗ ಬರೆದರೋ ಗೊತ್ತಿಲ್ಲದ ಕಾರ್ಡ್ ಅದು. ಅವತ್ತು ಸಂಜೆ ಆ ಡೆಕ್ ಪೂರ್ತಿ ಅಳಿಸಿದೆ.

ಅಳಿಸಿ ಖಾಲಿ ಡೆಕ್ ಇಟ್ಟುಕೊಂಡು ಕೂತಾಗ ಮೊದಲ ಕಾರ್ಡ್ ಏನು ಬರೆಯಲಿ ಅಂತ ಯೋಚಿಸಿದೆ. ನೆನಪಾಗಿದ್ದು ಹಾವೇರಿಯ ಐಸಿಯು.

ಹತ್ತಿ ಹೊಲದಲ್ಲಿ ಎಣ್ಣೆ ಹೊಡೆಯಲು ಹೋದ ಒಬ್ಬರು. ನಮ್ಮ ಕಡೆ ಬೆಳೆಯ ಕೀಟನಾಶಕಕ್ಕೆ ಎಣ್ಣೆ ಅಂತಲೇ ಹೇಳುವುದು. ಬೆನ್ನಿಗೆ ಕಟ್ಟಿದ ಪಂಪು ಸೋರಿ, ಬಿಸಿಲಿನಲ್ಲಿ ಅಂಗಿ ಮೈಗೆ ಅಂಟಿಕೊಂಡು, ಗಂಟೆಗಟ್ಟಲೆ ಹಾಗೇ ಕೆಲಸ ಮಾಡಿದ್ದರು. ತಂದಾಗ ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಶಬ್ದ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣ, ತೊಡೆಯ ಮಾಂಸ ಚರ್ಮದ ಕೆಳಗೆ ಹುಳ ಹರಿದ ಹಾಗೆ ಅದುರುತ್ತಿತ್ತು. ಬಟ್ಟೆ ತೆಗೆದು ಸೋಪು ನೀರಿನಲ್ಲಿ ತೊಳೆದೆವು. ಅಟ್ರೋಪಿನ್ ಶುರುವಾಯಿತು. ನಮ್ಮಲ್ಲಿ ಒಂದು ಆಂಪೂಲ್ 0.6 ಮಿಲಿಗ್ರಾಂ. ಮೊದಲು ಮೂರು ಆಂಪೂಲ್, ಐದು ನಿಮಿಷ ನೋಡಿ ಸಾಲದಿದ್ದರೆ ಅದರ ದುಪ್ಪಟ್ಟು, ಮತ್ತೆ ದುಪ್ಪಟ್ಟು. ಟ್ರೇ ತುಂಬ ಒಡೆದ ಗಾಜಿನ ಕುತ್ತಿಗೆಗಳು. ಎದೆ ತಿಳಿಯಾಯಿತು, ನಾಡಿ ಏರಿತು, ಕಂಕುಳು ಒಣಗಿತು. ಬದುಕಿದರು ಅಂತ ನಾವೆಲ್ಲ ಉಸಿರು ಬಿಟ್ಟೆವು.

ಮಾರನೇ ದಿನ ಅವರ ಮಗ ನನ್ನನ್ನು ನಿಲ್ಲಿಸಿ ಕೇಳಿದ: "ಸಿಸ್ಟರ್, ಇಂಜೆಕ್ಷನ್ ಕೊಟ್ಟು ಎದಿ ಸುದ್ದ ಆತು ಅಂತೀರಿ. ಮತ್ತ ನಮ್ಮಪ್ಪ ಕೈ ಯಾಕ ಎತ್ತವಲ್ಲ?"

"ಸ್ವಲ್ಪ ಸುಸ್ತು ಇರ್ತದಪ್ಪ" ಅಂದೆ. ನನಗೆ ಉತ್ತರ ಗೊತ್ತಿರಲಿಲ್ಲ. ಮೂರನೇ ದಿನ ಆ ಮನುಷ್ಯನಿಗೆ ದಿಂಬಿನಿಂದ ತಲೆ ಎತ್ತಲೂ ಆಗಲಿಲ್ಲ, ಉಸಿರಾಟ ಕುಂದಿತು. 9 ದಿನ ವೆಂಟಿಲೇಟರ್ ಮೇಲೆ ಇದ್ದು ಮನೆಗೆ ಹೋದರು.

ಆ ಹುಡುಗನ ಪ್ರಶ್ನೆಯನ್ನೇ ಅವನ ಮಾತಿನಲ್ಲೇ ಮೊದಲ ಕಾರ್ಡಿನ ಮುಂಬದಿಗೆ ಬರೆದೆ. ಹಿಂಬದಿಗೆ ಉತ್ತರ ಬರೆಯಲು ಎರಡು ರಾತ್ರಿ ಓದಬೇಕಾಯಿತು. ನರ ಮುಂದಿನ ಜೀವಕೋಶಕ್ಕೆ ಸುದ್ದಿ ಮುಟ್ಟಿಸಲು ಅಸಿಟೈಲ್‌ಕೋಲಿನ್ ಬಿಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಒಡೆದು ಹಾಕುವ ಕಿಣ್ವ ಒಂದಿದೆ. ಎಣ್ಣೆಯಲ್ಲಿರುವ ಆರ್ಗನೊಫಾಸ್ಫೇಟ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ಗುಡ್ಡೆ ಬೀಳುತ್ತದೆ. ಅದು ಜೀವಕೋಶದ ಮೇಲೆ ಸುದ್ದಿ ಹಿಡಿಯುವ ಎರಡು ತರಹದ ರಿಸೆಪ್ಟರ್ ಮೇಲೆ ಕೂರುತ್ತದೆ. ಗ್ರಂಥಿಗಳು, ಶ್ವಾಸನಾಳ, ಹೃದಯದಲ್ಲಿ ಮಸ್ಕರಿನಿಕ್. ಕೈಕಾಲು, ಕುತ್ತಿಗೆ, ಉಸಿರಾಟದ ಸ್ನಾಯುಗಳಲ್ಲಿ ನಿಕೋಟಿನಿಕ್. ಅಟ್ರೋಪಿನ್ ತಡೆಯುವುದು ಮಸ್ಕರಿನಿಕ್ ಮಾತ್ರ. ಅದಕ್ಕೇ ಎದೆ ಶುದ್ಧವಾಯಿತು, ಕೈ ಏಳಲಿಲ್ಲ. 24ರಿಂದ 96 ಗಂಟೆಯೊಳಗೆ ಕುತ್ತಿಗೆ ಸೋಲಲು ಶುರುವಾದರೆ ಇಂಟರ್‌ಮೀಡಿಯೇಟ್ ಸಿಂಡ್ರೋಮ್ (ಉಸಿರಾಟದ ಸ್ನಾಯುಗಳೂ ಸೋಲುವ ಸ್ಥಿತಿ) ಬರುತ್ತಿದೆ ಅಂತ ಅನುಮಾನ ಪಡಬೇಕು, ಉಸಿರಾಟದ ಮೇಲೆ ಕಣ್ಣಿಡಬೇಕು.

ಆ ಒಂದು ಕಾರ್ಡ್ ಇಂದಿಗೂ ಒಮ್ಮೆಯೂ ಮರೆತಿಲ್ಲ. ಆ್ಯಪ್ ಅದನ್ನು ತಿಂಗಳುಗಟ್ಟಲೆ ದೂರ ತಳ್ಳುತ್ತಲೇ ಇದೆ.

ಅಲ್ಲಿಂದ ಒಂದಕ್ಕೊಂದು ಕೊಂಡಿ ಹಾಕುತ್ತಾ ಹೋದೆ. ನಾಗರಹಾವು ಕಚ್ಚಿದವರ ರೆಪ್ಪೆ ಯಾಕೆ ಜೋತುಬೀಳುತ್ತದೆ? ವಿಷ ಸ್ನಾಯುವಿನ ನಿಕೋಟಿನಿಕ್ ರಿಸೆಪ್ಟರ್ ಮೇಲೆ ಕೂತು ಅಸಿಟೈಲ್‌ಕೋಲಿನ್‌ಗೆ ಜಾಗ ಬಿಡುವುದಿಲ್ಲ. ಆಗ ಆಂಟಿವೆನಮ್ ಜೊತೆ ನಿಯೊಸ್ಟಿಗ್ಮಿನ್ ಯಾಕೆ ಕೊಡುತ್ತಾರೆ? ಅದೂ ಅದೇ ಕಿಣ್ವವನ್ನು ಸ್ವಲ್ಪ ಕಾಲ ತಡೆದು ಅಸಿಟೈಲ್‌ಕೋಲಿನ್ ಜಾಸ್ತಿ ಮಾಡುತ್ತದೆ. ಅಂದರೆ ಹತ್ತಿ ಹೊಲದಲ್ಲಿ ವಿಷವಾದ ಅದೇ ದಾರಿ ಇಲ್ಲಿ ಔಷಧ. ಜೊತೆಗೆ ಅಟ್ರೋಪಿನ್ ಯಾಕೆ? ಮಸ್ಕರಿನಿಕ್ ಕಡೆಯ ತೊಂದರೆ ಬರದಿರಲಿ ಅಂತ. ಕಟ್ಟುಹಾವಿಗೆ ನಿಯೊಸ್ಟಿಗ್ಮಿನ್ ಅಷ್ಟು ಕೆಲಸ ಮಾಡುವುದಿಲ್ಲ ಯಾಕೆ? ಅಲ್ಲಿ ಕೆಟ್ಟಿರುವುದು ನರದ ತುದಿ, ಬಿಡುಗಡೆ ಆಗುವ ಅಸಿಟೈಲ್‌ಕೋಲಿನ್ನೇ ಇಲ್ಲ. ಒಂದು ಕಿಣ್ವ ಅರ್ಥವಾದರೆ ನಾಲ್ಕು ರೋಗ, ಮೂರು ಔಷಧ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಇದನ್ನು ನನಗೆ ಕಾಲಂ ಹಾಕಿದ ನೋಟ್ಸ್ ಯಾವತ್ತೂ ತೋರಿಸಿರಲಿಲ್ಲ.

ಚೇಳಿನದೂ ಹಾಗೇ. ಕೆಂಪು ಚೇಳು ಕಚ್ಚಿದ ಮಕ್ಕಳಲ್ಲಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಮೈತುಂಬ ಉಕ್ಕುತ್ತದೆ, ರಕ್ತನಾಳ ಬಿಗಿಯುತ್ತದೆ, ಹೃದಯ ಸೋಲುತ್ತದೆ, ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಇದಕ್ಕೆ ಪ್ರಾಜೊಸಿನ್ ಬಳಸಿ ಜೀವ ಉಳಿಸಬಹುದು ಅಂತ 1980ರ ದಶಕದಲ್ಲಿ ತೋರಿಸಿಕೊಟ್ಟರು. ಬಿಪಿಗೆ ಕೊಡುವ ಸಾಮಾನ್ಯ ಮಾತ್ರೆ. ಆಲ್ಫಾ-1 ರಿಸೆಪ್ಟರ್ ಮುಚ್ಚುತ್ತದೆ, ಬಿಗಿದ ನಾಳ ಸಡಿಲವಾಗುತ್ತದೆ. ನಾನು ಇಳಿಸಿಕೊಂಡಿದ್ದ ಆ ವಿದೇಶಿ ಡೆಕ್‌ನಲ್ಲಿ ಹಾವು, ಚೇಳು, ಎಣ್ಣೆ ಯಾವುದಕ್ಕೂ ಹೆಚ್ಚು ಜಾಗ ಇರಲಿಲ್ಲ. ನಮ್ಮ ಐಸಿಯುಗೆ ಬರುವ ರೋಗಿಗಳೇ ಬೇರೆ, ಕಾರ್ಡ್‌ಗಳೂ ಬೇರೆ ಇರಬೇಕು.

ಭಾಷೆಯ ವಿಷಯ ಹೇಳಲೇಬೇಕು. ಅಂಕಿಯಲ್ಲಿ ಕನ್ನಡ ಟೈಪ್ ಮಾಡಿದರೆ ಅಕ್ಷರ ಒಡೆಯುವುದಿಲ್ಲ, ಹುಡುಕಿದರೂ ಸಿಗುತ್ತದೆ. ಆ ಹುಡುಗನ ಪ್ರಶ್ನೆ ಬಿಟ್ಟರೆ ಮೊದಮೊದಲು ಎಲ್ಲ ಇಂಗ್ಲಿಷ್‌ನಲ್ಲೇ ಬರೆಯುತ್ತಿದ್ದೆ, ಪರೀಕ್ಷೆ ಇಂಗ್ಲಿಷ್‌ನಲ್ಲಿ ತಾನೆ ಅಂತ. ಸೆಪ್ಟಿಕ್ ಶಾಕ್ (ಸೋಂಕು ವಿಪರೀತವಾಗಿ ಬಿಪಿ ಕುಸಿಯುವ ಸ್ಥಿತಿ) ಬಗ್ಗೆ ಪುಸ್ತಕದ ಎರಡು ವಾಕ್ಯ ಹಾಗೇ ಎತ್ತಿ ಹಾಕಿದ್ದೆ. ಎಂಟು ಸಲ ಮರೆತೆ. ಎಂಟು ಸಲ ಮರೆತ ಕಾರ್ಡನ್ನು ಅಂಕಿ "ಲೀಚ್" ಅಂತ ಗುರುತು ಹಾಕುತ್ತದೆ, ಸೆಟ್ಟಿಂಗ್ ಹಾಗಿದ್ದರೆ ಪಕ್ಕಕ್ಕೂ ಇಡುತ್ತದೆ. ಲೀಚ್ ಅಂದರೆ ಜಿಗಣೆ, ನಮ್ಮ ಹೊತ್ತನ್ನು ಹೀರುವ ಕಾರ್ಡ್. ತುಂಬಾ ಒಳ್ಳೆಯ ವ್ಯವಸ್ಥೆ ಇದು. ಕಾರ್ಡ್ ಕೆಟ್ಟದಾಗಿ ಬರೆದಿದ್ದೀಯಾ, ತಿದ್ದು ಅಂತ ಹೇಳಿದ ಹಾಗೆ.

ಆ ಜಿಗಣೆಯನ್ನು ಕನ್ನಡದಲ್ಲಿ ಮತ್ತೆ ಬರೆದೆ. ನಮ್ಮ ಹೊಲದ ಕಾಲುವೆ ನೆನೆಸಿಕೊಂಡೆ. ಕಾಲುವೆ ಅಗಲವಾದರೆ ನೀರು ಅಷ್ಟೇ ಇದ್ದರೂ ಮಟ್ಟ ಇಳಿಯುತ್ತದೆ, ಕೊನೆಯ ಹೊಲಕ್ಕೆ ಏರುವುದಿಲ್ಲ. ಸೆಪ್ಸಿಸ್‌ನಲ್ಲಿ ನೈಟ್ರಿಕ್ ಆಕ್ಸೈಡ್ ಜಾಸ್ತಿಯಾಗಿ ರಕ್ತನಾಳ ಅಗಲವಾಗುತ್ತದೆ. ಜೊತೆಗೆ ಹೊಸ ಮಣ್ಣಿನ ಗಡಿಗೆ ಜಿನುಗಿದ ಹಾಗೆ ಸಣ್ಣ ನಾಳಗಳ ಗೋಡೆಯಿಂದ ನೀರು ಹೊರಗೆ ಸೋರುತ್ತದೆ. ಫ್ಲೂಯಿಡ್ ಕೊಟ್ಟರೆ ಕಾಲುವೆಗೆ ನೀರು ಬಿಟ್ಟ ಹಾಗೆ. ಗಡಿಗೆ ಸೋರುತ್ತಿರುವಾಗ ಬರೀ ನೀರು ಬಿಡುತ್ತಾ ಹೋದರೆ ಮೈ ಊದುತ್ತದೆ, ಶ್ವಾಸಕೋಶ ನೆನೆಯುತ್ತದೆ. ನಾರ್‌ಅಡ್ರಿನಲಿನ್ ಆಲ್ಫಾ-1 ಮೂಲಕ ಕಾಲುವೆಯನ್ನು ಕಿರಿದು ಮಾಡುತ್ತದೆ, ಮಟ್ಟ ಏರುತ್ತದೆ. ರಕ್ತದ ಸರಾಸರಿ ಒತ್ತಡ 65ಕ್ಕೆ ಬಂದರೆ ಕೊನೆಯ ಹೊಲಗಳಾದ ಕಿಡ್ನಿ, ಮಿದುಳಿಗೆ ನೀರು ಮುಟ್ಟುತ್ತದೆ ಅನ್ನುವ ಲೆಕ್ಕ. ಇದನ್ನು ಬರೆದ ಮೇಲೆ ಪುಸ್ತಕದ ಇಂಗ್ಲಿಷ್ ವಾಕ್ಯಗಳು ತಾವಾಗಿಯೇ ಅರ್ಥವಾದವು. ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲೇ ಬರೆದೆ, ತಡವರಿಸಲಿಲ್ಲ. ಪ್ರಶ್ನೆ, ವಿವರಣೆ ಕನ್ನಡದಲ್ಲಿ, ಬೇಕಾದ ಪದ ಇಂಗ್ಲಿಷಿನದು, ಇವತ್ತಿಗೂ ಇದೇ ನನ್ನ ಪದ್ಧತಿ.

ನಾರ್‌ಅಡ್ರಿನಲಿನ್ ಬಗ್ಗೆ ಇನ್ನೊಂದು ಕಾರ್ಡ್ ತೋರಿಸುತ್ತೇನೆ, ಲೆಕ್ಕದ್ದು. ಮುಂಬದಿ: "50 ಎಂಎಲ್ ಸಿರಿಂಜ್‌ನಲ್ಲಿ 4 ಮಿಲಿಗ್ರಾಂ. 60 ಕೆಜಿ ರೋಗಿ. ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ. ಪಂಪ್ ಎಷ್ಟು?" ಹಿಂಬದಿ: ಒಂದು ಎಂಎಲ್‌ಗೆ 80 ಮೈಕ್ರೋಗ್ರಾಂ, ನಿಮಿಷಕ್ಕೆ 6, ಗಂಟೆಗೆ 360, ಅಂದರೆ ಗಂಟೆಗೆ 4.5 ಎಂಎಲ್. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು: "ಆಂಪೂಲ್ ಮೇಲೆ ಬೈಟಾರ್ಟ್ರೇಟ್ ಬರೆದಿದೆಯೋ, ಬೇಸ್ ಬರೆದಿದೆಯೋ ಓದು." ಬೇಸ್ ಅಂದರೆ ಔಷಧ ಮಾತ್ರ, ಬೈಟಾರ್ಟ್ರೇಟ್ ಅಂದರೆ ಅದರ ಲವಣ ರೂಪ, 2 ಮಿಲಿಗ್ರಾಂ ಬೈಟಾರ್ಟ್ರೇಟ್ ಅಂದರೆ 1 ಮಿಲಿಗ್ರಾಂ ಬೇಸ್. ಅಲ್ಲಿ ತಪ್ಪಿದರೆ ಡೋಸ್ ಅರ್ಧವಾಗುತ್ತದೆ, ಇಲ್ಲ ಎರಡರಷ್ಟಾಗುತ್ತದೆ. ಸಂಖ್ಯೆ ಬದಲಿಸಿ ಇದೇ ತರಹದ ಆರು ಕಾರ್ಡ್ ಇಟ್ಟಿದ್ದೇನೆ, ಇಲ್ಲದಿದ್ದರೆ ಲೆಕ್ಕ ಮಾಡದೆ 4.5 ಅಂತ ಉತ್ತರವೇ ಬಾಯಿಪಾಠ ಆಗಿಬಿಡುತ್ತದೆ.

ಚಿತ್ರ ಮುಚ್ಚಿ ಕೇಳುವ ಸೌಲಭ್ಯವೂ ಇದೆ, ಇಮೇಜ್ ಅಕ್ಲೂಷನ್ ಅಂತ. ಮೊದಲು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು, 2023ರ ಕೊನೆಯಿಂದ ಅಂಕಿಯ ಒಳಗೇ ಬಂದಿದೆ. ನಾನೇ ಕೈಯಲ್ಲಿ ಬರೆದ ನೆಫ್ರಾನ್ (ಕಿಡ್ನಿಯ ಸೋಸುವ ಘಟಕ) ಚಿತ್ರದ ಫೋಟೋ ತೆಗೆದು, ಫ್ಯೂರೊಸೆಮೈಡ್ ಎಲ್ಲಿ, ಥಯಜೈಡ್ ಎಲ್ಲಿ, ಸ್ಪೈರನೊಲ್ಯಾಕ್ಟೋನ್ ಎಲ್ಲಿ ಅಂತ ಒಂದೊಂದನ್ನೇ ಮುಚ್ಚಿದ್ದೇನೆ. ಡೈಯುರೆಟಿಕ್, ಅಂದರೆ ಮೂತ್ರ ಜಾಸ್ತಿ ಮಾಡುವ ಔಷಧಗಳ ಪಾಠಕ್ಕೆ ಇದಕ್ಕಿಂತ ಬೇರೆ ಬೇಕಾಗಲಿಲ್ಲ.

ನೈಟ್ ಡ್ಯೂಟಿ ಮಾಡುವವರು ಒಂದು ಸೆಟ್ಟಿಂಗ್ ಬದಲಿಸಲೇಬೇಕು. ಅಂಕಿಗೆ ಹೊಸ ದಿನ ಶುರುವಾಗುವುದು ಬೆಳಗಿನ 4 ಗಂಟೆಗೆ. ಹಗಲು ಓದುವವರಿಗೆ ಸರಿ. ನಮಗೆ 4 ಗಂಟೆ ಅಂದರೆ ಡ್ಯೂಟಿಯ ನಡುಮಧ್ಯ. ರಾತ್ರಿ ಬಿಡುವಿನಲ್ಲಿ ನಾಲ್ಕು ಕಾರ್ಡ್ ನೋಡುತ್ತಿದ್ದರೆ ನಾಳಿನದ್ದೂ ಮೇಲೆ ಬಂದು ಬೀಳುತ್ತದೆ. ನಾನು ಅದನ್ನು ಬೆಳಗ್ಗೆ 10ಕ್ಕೆ ಇಟ್ಟಿದ್ದೇನೆ. ಹ್ಯಾಂಡ್‌ಓವರ್ ಕೊಟ್ಟು, ತಿಂಡಿ ತಿಂದು, ಮಲಗುವ ಮುಂಚೆ ನಿನ್ನೆಯದ್ದು ಮುಗಿಯುತ್ತದೆ. ಹೊಸ ಕಾರ್ಡ್ ದಿನಕ್ಕೆ 20 ಅಂತ ಮೊದಲೇ ಇರುತ್ತದೆ, ಅದನ್ನು 8ಕ್ಕೆ ಇಳಿಸಿದೆ. 20 ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಇವತ್ತಿನ ಹೊಸ ಕಾರ್ಡ್ ನಾಳೆಯ, ಮುಂದಿನ ವಾರದ ರಿವ್ಯೂ ಆಗಿ ವಾಪಸ್ ಬರುತ್ತದೆ. ಅಕ್ಕನ ಮದುವೆಗೆ ಊರಿಗೆ ಹೋಗಿ ಬಂದಾಗ 700 ಕಾರ್ಡ್ ಕಾದು ಕೂತಿದ್ದವು. ಎಲ್ಲ ಒಂದೇ ದಿನ ಮುಗಿಸುವ ಹಟ ಬೇಡ. ದಿನಕ್ಕೆ 100ರಂತೆ ಮಾಡಿ ಒಂದೆರಡು ವಾರದಲ್ಲಿ ದಡ ಸೇರಿದೆ. ಯಾವ ಕಾರ್ಡ್ ಯಾವತ್ತು ಬರಬೇಕು ಅಂತ ಲೆಕ್ಕ ಹಾಕುವ ಎಫ್‌ಎಸ್‌ಆರ್‌ಎಸ್ ಅನ್ನುವ ಹೊಸ ಪದ್ಧತಿಯನ್ನೂ ಆನ್ ಮಾಡಿಕೊಳ್ಳಿ. ಎಷ್ಟು ನೆನಪಿರಬೇಕು ಅಂತ ಕೇಳುವ ಜಾಗದಲ್ಲಿ 90 ಪ್ರತಿಶತ ಇರುತ್ತದೆ, ಹಾಗೇ ಬಿಡಿ. ಆಸೆಪಟ್ಟು 97 ಮಾಡಿದರೆ ಕಾರ್ಡ್‌ಗಳ ಹೊರೆ ಬೆನ್ನು ಮುರಿಯುತ್ತದೆ.

ಇದರಿಂದ ಆಗದ ಕೆಲಸವೂ ಇದೆ. ನಮ್ಮ ಪರೀಕ್ಷೆಯಲ್ಲಿ ಲಾಂಗ್ ಎಸ್ಸೆ ಬರುತ್ತದೆ. ಎಆರ್‌ಡಿಎಸ್‌ನ (ಶ್ವಾಸಕೋಶ ತೀವ್ರವಾಗಿ ಸೋಲುವ ಸ್ಥಿತಿ) ಪ್ಯಾಥೊಫಿಸಿಯಾಲಜಿ ವಿವರಿಸಿ, ಔಷಧ ಚಿಕಿತ್ಸೆ ಚರ್ಚಿಸಿ ಅಂತ. ಕಾರ್ಡ್ ತುಂಡು ತುಂಡಾಗಿ ಕಲಿಸುತ್ತದೆ, ನಾಲ್ಕು ಪುಟ ಹೆಣೆಯುವುದನ್ನು ಕಲಿಸುವುದಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ ಎಲ್ಲ ಗೊತ್ತಿತ್ತು, ಬರೆಯುವಾಗ ಯಾವುದರ ಮುಂದೆ ಯಾವುದು ಅಂತ ಕೈ ನಿಂತುಬಿಟ್ಟಿತು. ಆಮೇಲೆ ಭಾನುವಾರಕ್ಕೊಂದು ರೋಗ ಇಟ್ಟುಕೊಂಡೆ. ಪುಸ್ತಕ ಮುಚ್ಚಿ, ಎ4 ಹಾಳೆಯಲ್ಲಿ ಪೆನ್ನಿನಿಂದ ಫ್ಲೋಚಾರ್ಟ್ ಬರೆಯುವುದು. ಎಲ್ಲಿ ಬಾಣ ಎಳೆಯಲು ಆಗಲಿಲ್ಲವೋ ಅಲ್ಲಿಗೆ ಒಂದು ಹೊಸ ಕಾರ್ಡ್. ಡಯಾಬಿಟಿಕ್ ಕೀಟೋಅಸಿಡೋಸಿಸ್‌ನ (ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗುವ ಸಕ್ಕರೆ ಕಾಯಿಲೆಯ ತುರ್ತು ಸ್ಥಿತಿ) ಪೊಟ್ಯಾಸಿಯಂ ನನಗೆ ಅರ್ಥವಾಗಿದ್ದು ಹಾಗೇ. ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ ಸರಿಯಾಗೇ ಕಾಣುತ್ತದೆ, ಮೈಯಲ್ಲಿ ಮಾತ್ರ ಮೂತ್ರದ ಮೂಲಕ ಹೋಗಿ ಬರಿದಾಗಿರುತ್ತದೆ. ಇನ್ಸುಲಿನ್ ಕೊಟ್ಟ ಕೂಡಲೇ ಉಳಿದದ್ದೂ ಜೀವಕೋಶದ ಒಳಗೆ ಓಡುತ್ತದೆ, ಹೃದಯದ ಲಯ ತಪ್ಪುತ್ತದೆ. ಆ ಬಾಣ ನನ್ನ ಹಾಳೆಯಲ್ಲಿ ಇರಲಿಲ್ಲ.

ಫೋನಿನಲ್ಲಿ ಕಾರ್ಡ್ ಬರೆಯುವುದು ನಿಧಾನ. ಬರೆಯುವುದು ಲ್ಯಾಪ್‌ಟಾಪಿನಲ್ಲಿ, ನೋಡುವುದು ಫೋನಿನಲ್ಲಿ ಅಂತ ಮಾಡಿಕೊಳ್ಳಿ. ಎರಡರ ನಡುವೆ ಸಿಂಕ್ ಮಾಡುವಾಗ ಕೆಲವೊಮ್ಮೆ ಅಪ್‌ಲೋಡೋ, ಡೌನ್‌ಲೋಡೋ ಅಂತ ಕೇಳುತ್ತದೆ. ಹೊಸ ಕಾರ್ಡ್ ಯಾವ ಕಡೆ ಇವೆ ಅಂತ ಯೋಚಿಸಿ ಒತ್ತಿ, ಒಂದು ಕಡೆಯದು ಇನ್ನೊಂದು ಕಡೆಯದನ್ನು ಅಳಿಸುತ್ತದೆ.

ಎರಡು ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಒಂದು, ಕಾರ್ಡಿನಲ್ಲಿ ಕಲಿತ ಡೋಸ್ ನಂಬಿ ರೋಗಿಗೆ ಔಷಧ ಹಾಕಬಾರದು. ಎಷ್ಟೇ ಗಟ್ಟಿ ಇದ್ದರೂ ಆಸ್ಪತ್ರೆಯ ಪ್ರೋಟೋಕಾಲ್ ತೆರೆದು ನೋಡಬೇಕು, ಇನ್ನೊಬ್ಬ ನರ್ಸ್ ಜೊತೆ ಪಂಪ್ ರೇಟ್ ಡಬಲ್ ಚೆಕ್ ಮಾಡಬೇಕು. ಕಾರ್ಡ್ ಇರುವುದು ಯಾಕೆ ಅನ್ನುವುದಕ್ಕೆ. ಎರಡು, ರೋಗಿಯ ಹೆಸರು, ಐಪಿ ನಂಬರ್ (ಆಸ್ಪತ್ರೆಯ ದಾಖಲಾತಿ ಸಂಖ್ಯೆ), ಫೋಟೋ, ಕೇಸ್ ಶೀಟ್ ಚಿತ್ರ ಯಾವುದೂ ಕಾರ್ಡಿಗೆ ಹೋಗಬಾರದು. ಆ ಡೆಕ್ ಇಂಟರ್ನೆಟ್ಟಿನಲ್ಲಿ ಕೂತಿರುತ್ತದೆ. ಪ್ರಶ್ನೆ ಸಾಕು.

ಒಂದು ವರ್ಷಕ್ಕೆ ನನ್ನ ಡೆಕ್‌ನಲ್ಲಿ 1,900 ಚಿಲ್ಲರೆ ಕಾರ್ಡ್ ಇವೆ. ದಿನಕ್ಕೆ 25ರಿಂದ 35 ನಿಮಿಷ. ಅದರಲ್ಲಿ ಹೆಚ್ಚಿನದು ಬಸ್‌ನಲ್ಲಿ, ಮೆಸ್ ಕ್ಯೂನಲ್ಲಿ ಮುಗಿಯುತ್ತದೆ. ದುಡ್ಡು ಶೂನ್ಯ. ಐದಕ್ಕೆ ಎಷ್ಟು ಸ್ಟಾರ್ ಅಂತ ಕೇಳಿದರೆ, ಸ್ವಂತ ಕಾರ್ಡ್ ಬರೆಯುವವರಿಗೆ ಐದು. ಬೇರೆಯವರ ಡೆಕ್ ಇಳಿಸಿ ಒತ್ತುತ್ತಾ ಕೂರುವವರಿಗೆ ಎರಡೂ ಕೊಡಲಾರೆ.

ಮೊನ್ನೆ ಹೊಸ ಬ್ಯಾಚಿನ ಹುಡುಗಿಯೊಬ್ಬಳು, ಪುತ್ತೂರಿನವಳು, "ಅಕ್ಕಾ, ನಿಮ್ಮ ಡೆಕ್ ಕಳಿಸ್ತೀರಾ?" ಅಂತ ಕೇಳಿದಳು. ಪೂರ್ತಿ ಕೊಡಲಿಲ್ಲ. ಹೇಗೆ ಬರೆಯುವುದು ಅಂತ ಗೊತ್ತಾಗಲಿ ಅಂತ 20 ಕಾರ್ಡ್ ಮಾತ್ರ ಕಳಿಸಿದೆ, ಮೊದಲನೆಯದು ಹಾವೇರಿಯ ಆ ಹುಡುಗನ ಪ್ರಶ್ನೆ. ವಾರ ಕಳೆದು ತಾನು ಬರೆದ ಮೊದಲ ಕಾರ್ಡ್ ತೋರಿಸಲು ಬಂದಳು. "8ನೇ ಬೆಡ್ಡಿನ ಅಜ್ಜಿಗೆ ನೆಬುಲೈಸೇಷನ್ ಆದ ಮೇಲೆ ಕಾಫಿ ಲೋಟ ಹಿಡಿದ ಕೈ ಯಾಕೆ ನಡುಗುತ್ತದೆ?" ಅಂತ ಇತ್ತು. ನೆಬುಲೈಸೇಷನ್‌ನಲ್ಲಿ ಉಸಿರಿನ ಜೊತೆ ಒಳಗೆ ಹೋಗುವ ಸಾಲ್ಬುಟಮಾಲ್ ಹುಡುಕುವ ಬೀಟಾ-2 ರಿಸೆಪ್ಟರ್ ಶ್ವಾಸನಾಳದಲ್ಲಿ ಮಾತ್ರ ಅಲ್ಲ, ಕೈಯ ಸ್ನಾಯುವಿನಲ್ಲೂ ಇದೆ ಅಂತ ಹಿಂಬದಿಯಲ್ಲಿ ಬರೆದಿದ್ದಳು. ಬೆಡ್ ನಂಬರ್ ಮಾತ್ರ ತೆಗೆಸಿದೆ. ಪ್ರಶ್ನೆ ನನ್ನ ಡೆಕ್‌ಗೂ ಹಾಕಿಕೊಂಡಿದ್ದೇನೆ, ನಾಳೆ ಬೆಳಗ್ಗೆ 10ರ ನಂತರ ಬರುತ್ತದೆ.